ಹೂವಿಗೆ ಜಾಗವಿದೆ, ಅಕ್ಷರಕ್ಕಿಲ್ಲ

ಕಳೆದ ನವೆಂಬರಿನಲ್ಲಿ ಪುಣೆಯ ಒಂದು ಕನ್ನಡ ಸಂಘದವರು ಮಕ್ಕಳಿಗಾಗಿ ಶುಭಾಶಯ ಪತ್ರ ತಯಾರಿಸುವ ಸ್ಪರ್ಧೆ ಇಟ್ಟಿದ್ದರು. ರಾಜ್ಯೋತ್ಸವದ ಸಂದರ್ಭ. ತೀರ್ಪು ಕೊಡಲು ನನ್ನನ್ನು ಕರೆದಿದ್ದರು. ಉದ್ದನೆಯ ಮೇಜಿನ ಮೇಲೆ 38 ಕಾರ್ಡುಗಳು. ಕೆಂಪು ಹಳದಿ ಕ್ವಿಲ್ಲಿಂಗ್ ಹೂವು, ಕಾಗದದ ಲೇಸು, ಮುತ್ತಿನ ಸ್ಟಿಕ್ಕರು, ಮೂರು ಪದರದ ಚಿಟ್ಟೆ, ಗ್ಲಿಟರ್ ಹಾಳೆಯ ಅಂಚು. ಒಂದಕ್ಕಿಂತ ಒಂದು ಚೆಂದ. ಅವುಗಳಲ್ಲಿ 31ರ ಮೇಲೆ ‘ಹ್ಯಾಪಿ ಕನ್ನಡ ರಾಜ್ಯೋತ್ಸವ’ ಎಂದು ಇಂಗ್ಲಿಷ್ ಅಕ್ಷರಗಳನ್ನು ಅಂಟಿಸಿತ್ತು. ಇನ್ನು ನಾಲ್ಕರಲ್ಲಿ ಕಂಪ್ಯೂಟರಿನಿಂದ ಮುದ್ರಿಸಿ ಕತ್ತರಿಸಿದ ಕನ್ನಡ. ಮಗುವಿನ ಕೈಯಿಂದಲೇ ಬಂದ ಕನ್ನಡ ಇದ್ದದ್ದು ಮೂರರಲ್ಲಿ ಮಾತ್ರ. ಒಳಪುಟ ತೆರೆದು ನೋಡಿದೆ. ಹೆಚ್ಚಿನವು ಖಾಲಿ.

ನಾನು ಆ ಮೂರರಲ್ಲಿ ಒಂದಕ್ಕೆ ಮೊದಲ ಬಹುಮಾನ ಕೊಟ್ಟೆ. ಸೊಟ್ಟ ಅಕ್ಷರ, ಪೆನ್ಸಿಲ್ ಗೆರೆ ಅಳಿಸಿದ ಕಲೆ, ಒಂದೇ ಒಂದು ಕಾಗದದ ಹೂವು. ಒಳಗೆ ಊರಿನ ಸೋದರಮಾವನಿಗೆ ನಾಲ್ಕು ಸಾಲು. ಸಭೆ ಮುಗಿದ ಮೇಲೆ ಒಬ್ಬ ತಾಯಿ ಬಂದು ಕೇಳಿದರು: “ಅದರಲ್ಲಿ ಏನೂ ವರ್ಕೇ ಇಲ್ಲವಲ್ಲ ಮೇಡಂ?”

ಆ ಮಾತು ಇನ್ನೂ ಕಿವಿಯಲ್ಲಿದೆ. ಅಂಟಿಸುವುದು ವರ್ಕು, ಬರೆಯುವುದು ವರ್ಕಲ್ಲ. ನಮ್ಮ ಕೈತಯಾರಿಕೆಯ ಕಾರ್ಡಿನ ಲೋಕಕ್ಕೆ ಹಿಡಿದ ರೋಗವನ್ನು ಆ ತಾಯಿ ಒಂದೇ ಮಾತಿನಲ್ಲಿ ಹೇಳಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಪಾಠ ಹೇಳಿಕೊಟ್ಟವರಲ್ಲಿ ನಾನೂ ಒಬ್ಬಳು.

ಹದಿನಾಲ್ಕು ವರ್ಷದಿಂದ ಕಾರ್ಡು ಮಾಡುತ್ತಿದ್ದೇನೆ, ಒಂಬತ್ತು ವರ್ಷದಿಂದ ಕಲಿಸುತ್ತಿದ್ದೇನೆ. ಅಪ್ಪಾ ಬಳವಂತ ಚೌಕದ ಅಂಗಡಿಗಳು, ಮುಂಬೈಗೆ ಹೋದಾಗ ಅಬ್ದುಲ್ ರೆಹಮಾನ್ ಬೀದಿ, ದೆಹಲಿಯಲ್ಲಿ ಚಾವಡಿ ಬಜಾರು: ಕಾಗದ ಎಲ್ಲಿ ಸಿಗುತ್ತದೋ ಅಲ್ಲಿ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಅಲಂಕಾರದ ವೈರಿ ನಾನಲ್ಲ. ಒಂದು ಗುಲಾಬಿಯನ್ನು ಸುರುಳಿ ಸುತ್ತಿ, ಅಂಟು ಒಣಗುವವರೆಗೆ ಬೆರಳಲ್ಲಿ ಹಿಡಿದು ಕೂರುವ ಆ ಒಂದು ನಿಮಿಷದ ಸುಖ ನನಗೆ ಗೊತ್ತು. ಆದರೆ ಈಗ ಎಷ್ಟು ಜನ ಸುತ್ತುತ್ತಾರೆ? ಗುಲಾಬಿ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಎಲೆ ಅಚ್ಚಿನಲ್ಲಿ ಕತ್ತರಿಸಿಯೇ ಬರುತ್ತದೆ. ಲೇಸು, ಚಿಟ್ಟೆ, ಬಿಲ್ಲೆ, ಕೊನೆಗೆ ‘ವಿತ್ ಲವ್’ ಎಂಬ ಪಟ್ಟಿ ಕೂಡ. ನಮ್ಮ ಪಾಲಿಗೆ ಉಳಿದದ್ದು ಜೋಡಣೆ. ಅದಕ್ಕೆ ನಾವು ಕೈತಯಾರಿಕೆ ಎಂದು ಹೆಸರಿಟ್ಟಿದ್ದೇವೆ.

ಇದೇನೂ ಹೊಸ ಕಥೆಯಲ್ಲ. 19ನೇ ಶತಮಾನದ ನಡುವಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಎಂಬ ಊರಿನಲ್ಲಿ ಎಸ್ತರ್ ಹೌಲೆಂಡ್ ಎಂಬ ಯುವತಿ ಕಾಗದದ ಲೇಸು, ಬಣ್ಣದ ಚಿತ್ರದ ತುಣುಕು ಅಂಟಿಸಿದ ವ್ಯಾಲೆಂಟೈನ್ ಕಾರ್ಡುಗಳನ್ನು ಮಾಡಿ ಮಾರತೊಡಗಿದಳು. ತಂದೆಯದು ಕಾಗದ ಲೇಖನಿಯ ಅಂಗಡಿ. ಬೇಡಿಕೆ ಹೆಚ್ಚಿದಾಗ ಗೆಳತಿಯರನ್ನು ಮೇಜಿನ ಸುತ್ತ ಕೂರಿಸಿ ಕೆಲಸ ಹಂಚಿದಳು: ಒಬ್ಬಳು ಕತ್ತರಿಸುವುದು, ಒಬ್ಬಳು ಹಿನ್ನೆಲೆ ಅಂಟಿಸುವುದು, ಮತ್ತೊಬ್ಬಳು ಮೇಲಿನ ಪದರ ಕೂರಿಸುವುದು. 1879ರಲ್ಲಿ ಅವಳು ಪದ್ಯಗಳ ಒಂದು ಪುಸ್ತಕವನ್ನೂ ತಂದಳು. ಗಿರಾಕಿಗೆ ಒಪ್ಪಿದ ಪದ್ಯವನ್ನು ಆರಿಸಿ ಕಾರ್ಡಿನೊಳಗೆ ಅಂಟಿಸಬಹುದು. ಅಲಂಕಾರವೂ ಸಿದ್ಧ, ಮಾತೂ ಸಿದ್ಧ. ಹೌಲೆಂಡಳನ್ನು ದೂರುವುದಿಲ್ಲ, ಅವಳದು ವ್ಯಾಪಾರ, ತಾನು ಮಾರುವವಳೆಂದು ಒಪ್ಪಿಕೊಂಡಿದ್ದಳು. ನಾವು ಮನೆಯ ಊಟದ ಮೇಜಿನ ಮೇಲೆ ಅದೇ ಕಾರ್ಖಾನೆ ನಡೆಸುತ್ತಾ ಅದನ್ನು ಪ್ರೀತಿ ಎನ್ನುತ್ತಿದ್ದೇವೆ.

ನಮ್ಮಲ್ಲೂ ಸಿದ್ಧ ಕಾರ್ಡುಗಳಿದ್ದವು ಎಂದು ನೀವು ಹೇಳಬಹುದು. ಇದ್ದವು. ನನ್ನ ವಯಸ್ಸಿನವರಿಗೆ ಸಂಕ್ರಾಂತಿಯ ಗ್ರೀಟಿಂಗು ನೆನಪಿರಬೇಕು. ಜನವರಿ ಬಂತೆಂದರೆ ಪೇಟೆಯಲ್ಲಿ ತಳ್ಳುಗಾಡಿಯ ಮೇಲೆಲ್ಲ ಕಾರ್ಡು: ಹಸು ಕರು, ಕಬ್ಬು, ದೇವರ ಪಟ, ಸಿನಿಮಾ ನಟರು. ಅಗ್ಗದ ಮುದ್ರಣ, ಒಂದೆರಡು ರೂಪಾಯಿ. ಆದರೆ ಕೊಂಡು ತಂದ ಮೇಲೆ ಕೆಲಸ ಶುರುವಾಗುತ್ತಿತ್ತು. ಯಾರಿಗೆ ಯಾವುದು ಎಂಬ ಪಟ್ಟಿ. ಎಳ್ಳು ಬೆಲ್ಲದ ಮಾತನ್ನು ಒಬ್ಬೊಬ್ಬರಿಗೂ ಬೇರೆ ಬೇರೆ ರೀತಿಯಲ್ಲಿ ಬರೆಯುವ ಹುಮ್ಮಸ್ಸು. ಮೂಲೆಯಲ್ಲಿ ‘ಮರೆಯದೆ ಉತ್ತರ ಬರಿ’. ವಿಳಾಸ ತಪ್ಪಾದರೆ ಅಪ್ಪನಿಂದ ಬೈಗುಳ. ಆ ಕಾರ್ಡಿನ ಮುಖ ಮುದ್ರಣಾಲಯದ್ದು, ಆದರೆ ಒಳಗಿನದು ನಮ್ಮದು. ಈಗ ಲೆಕ್ಕ ತಿರುಗಿದೆ. ಮುಖ ನಮ್ಮದೆಂದು ಹೇಳಿಕೊಳ್ಳುತ್ತೇವೆ, ಒಳಗೆ ಯಾರದೂ ಇಲ್ಲ.

ನೀವು ಮುಂಬೈಯಲ್ಲೋ ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ಕುಳಿತು ಇದನ್ನು ಓದುತ್ತಿದ್ದರೆ, ನಿಮ್ಮ ಮನೆಯ ಮಟ್ಟಿಗೆ ಇದು ಕರಕುಶಲದ ಪ್ರಶ್ನೆಗಿಂತ ದೊಡ್ಡದು. ನಮ್ಮ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದುವುದಿಲ್ಲ. ಶಾಲೆಯಲ್ಲಿ ಇಂಗ್ಲಿಷು, ಜೊತೆಗೆ ಮರಾಠಿ, ಹಿಂದಿ, ತಮಿಳು ಅಥವಾ ತೆಲುಗು. ಕನ್ನಡ ಅಕ್ಷರ ಬರೆಯಲೇಬೇಕಾದ ಸಂದರ್ಭ ಅವರ ಇಡೀ ವರ್ಷದಲ್ಲಿ ಎಷ್ಟು ಬಾರಿ ಬರುತ್ತದೆ? ಊರಿನ ಅಜ್ಜ ಅಜ್ಜಿಗೆ ಕಾರ್ಡು ಕಳಿಸುವುದು ಅಂಥ ಒಂದು ಸಹಜ ಸಂದರ್ಭ. ಪರೀಕ್ಷೆಯಿಲ್ಲ, ಅಂಕವಿಲ್ಲ, ಓದುವವರು ಪ್ರೀತಿಯಿಂದಲೇ ಓದುತ್ತಾರೆ. ಆ ಒಂದು ಕಿಟಕಿಯನ್ನೂ ನಾವು ಗ್ಲಿಟರ್ ಹಾಳೆ ಅಂಟಿಸಿ ಮುಚ್ಚಿದ್ದೇವೆ.

ಅಂಗಡಿಯವರ ಉತ್ತರ ನನಗೆ ಬಾಯಿಪಾಠವಾಗಿದೆ: “ಕನ್ನಡ ಲೆಟರ್ ಸೆಟ್ ಬರಲ್ಲ ಮೇಡಂ.” ಯಾಕೆ ಬರುವುದಿಲ್ಲ ಎಂಬುದಕ್ಕೆ ಕಾರಣವೂ ಇದೆ. ಇಂಗ್ಲಿಷಿಗೆ 26 ಅಚ್ಚು ಸಾಕು, ಸಣ್ಣಕ್ಷರ ಸೇರಿದರೆ 52. ಕನ್ನಡದಲ್ಲಿ ಮೂಲಾಕ್ಷರವೇ 49. ಮೇಲೆ 34 ವ್ಯಂಜನಗಳ ಕಾಗುಣಿತ 500 ದಾಟುತ್ತದೆ, ಒತ್ತಕ್ಷರ ಬೇರೆ. ಅಷ್ಟನ್ನೂ ಉಕ್ಕಿನ ಅಚ್ಚು ಮಾಡಿ ಪ್ಯಾಕೆಟ್ಟಿಗೆ ತುಂಬಿದರೆ ಕೊಳ್ಳುವವರ್ಯಾರು? ವ್ಯಾಪಾರಿಯ ದೃಷ್ಟಿಯಿಂದ ಸರಿ. ಆದರೆ ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲದಲ್ಲೂ ಇದೇ ತೊಡಕಿತ್ತು. ತಲೆಕಟ್ಟು, ಗುಡಿಸು, ಒತ್ತುಗಳನ್ನು ಬಿಡಿಬಿಡಿಯಾಗಿ ಎರಕ ಹೊಯ್ದು ಜೋಡಿಸುವ ದಾರಿ ಕಂಡುಕೊಂಡರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕಿಟ್ಟೆಲರ ಬೃಹತ್ ನಿಘಂಟು ಹೊರಬಂತು. ಆ ಗಾತ್ರದ ಪುಸ್ತಕವನ್ನು ಕೈಯಿಂದ ಮೊಳೆ ಜೋಡಿಸಿ ಮುದ್ರಿಸಿದ ಭಾಷೆ ನಮ್ಮದು. ‘ಅಜ್ಜಿಗೆ’ ಎಂಬ ಮೂರಕ್ಷರಕ್ಕೆ ಪ್ಯಾಕೆಟ್ಟು ಸಿಗುವುದಿಲ್ಲವೆಂದು ನಾವು ಇಂಗ್ಲಿಷಿಗೆ ಹೊರಳುತ್ತೇವೆ.

ಪ್ಯಾಕೆಟ್ಟು ಬೇಕಾಗಿಯೂ ಇಲ್ಲ. ಕನ್ನಡ ಲಿಪಿಯಷ್ಟು ಕಾಗದದ ಸುರುಳಿಗೆ ಒಪ್ಪುವ ಲಿಪಿ ಕಡಿಮೆ. ಇಂಗ್ಲಿಷಿನ ದೊಡ್ಡಕ್ಷರಗಳನ್ನು ಕ್ವಿಲ್ಲಿಂಗಿನಲ್ಲಿ ಮಾಡಿದವರಿಗೆ ಗೊತ್ತು: ಪ್ರತಿ ಮೂಲೆಯಲ್ಲಿ ಪಟ್ಟಿಯನ್ನು ಮಡಚಬೇಕು, ನೇರ ಗೆರೆ ವಾಲುತ್ತದೆ. ನಮ್ಮ ಅಕ್ಷರ ದುಂಡು. ತಾಳೆಗರಿಯ ಮೇಲೆ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ದುಂಡಾಯಿತು ಎಂದು ಹೇಳುತ್ತಾರೆ. ಕಾರಣ ಏನೇ ಇರಲಿ, ಆ ದುಂಡು ಕಾಗದದ ಪಟ್ಟಿಯ ಸ್ವಭಾವಕ್ಕೆ ಹೊಂದುತ್ತದೆ. ‘ಠ’ ಎಂದರೆ ಒಂದು ಸುತ್ತು, ನಡುವೆ ಒಂದು ಚುಕ್ಕಿ, ಮೇಲೆ ತಲೆಕಟ್ಟು. ಪೆನ್ಸಿಲಿನಲ್ಲಿ ತೆಳುವಾಗಿ ಅಕ್ಷರ ಬರೆದುಕೊಳ್ಳಿ. 3 ಮಿಲಿಮೀಟರ್ ಅಗಲದ ಪಟ್ಟಿಯನ್ನು ಬೆರಳಿನಿಂದ ಬಾಗಿಸಿ, ಅಂಚಿಗೆ ಮಾತ್ರ ಅಂಟು ತಾಗಿಸಿ, ಗೆರೆಯ ಮೇಲೆ ನಿಲ್ಲಿಸಿ. ಅಷ್ಟೇ.

ಹೀಗೆ ‘ಅಮ್ಮ’ ಎಂದು ಮಾಡುವ ಮಗು ಕೆಳಗಿನ ಒತ್ತು ಮೇಲಿನ ಮಕಾರದ ಹಾಗಿಲ್ಲ ಎಂಬುದನ್ನು ತಾನೇ ಕಂಡುಕೊಳ್ಳುತ್ತದೆ. ‘ಅಜ್ಜಿ’ ಮಾಡುವಾಗ ಗುಡಿಸು ಎಲ್ಲಿ ಕೂರಬೇಕು, ಒತ್ತು ಎಲ್ಲಿ ನೇತಾಡಬೇಕು ಎಂದು ಐದು ನಿಮಿಷ ಯೋಚಿಸುತ್ತದೆ. ಭಾನುವಾರದ ಕನ್ನಡ ತರಗತಿಯಲ್ಲಿ ನಾವು ತಿಂಗಳುಗಟ್ಟಲೆ ತಿದ್ದಿಸಿದರೂ ಹತ್ತದ್ದು ಬೆರಳಿಗೆ ಅಂಟಿದ ಅಂಟಿನ ಜೊತೆ ಹತ್ತುತ್ತದೆ. ಇದನ್ನು ನನ್ನ ತರಗತಿಯಲ್ಲಿ ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ತಕರಾರು ಅಂಚೆಯದು. ಕಾರ್ಡು ಎಂದರೆ ಕಳಿಸುವ ವಸ್ತು. ನಾವು ಮಾಡುವ ಕಾರ್ಡುಗಳು ಅಂಚೆಪೆಟ್ಟಿಗೆಯ ಬಾಯಲ್ಲಿ ಹೋಗುವುದೇ ಇಲ್ಲ. ಲೆಕ್ಕ ನೋಡಿ: ಎ4 ಹಾಳೆ ಎಂದರೆ ಒಂದು ಚದರ ಮೀಟರಿನ ಹದಿನಾರನೇ ಒಂದು ಭಾಗ. 300 ಜಿಎಸ್‌ಎಂ ಕಾಗದವಾದರೆ ಸುಮಾರು 19 ಗ್ರಾಂ. ಅದನ್ನು ಮಡಚಿ ಮಾಡಿದ ಕಾರ್ಡು ಲಕೋಟೆ ಸೇರಿದೊಡನೆ ಸಾಮಾನ್ಯ ಪತ್ರದ ಮೊದಲ 20 ಗ್ರಾಂ ದಾಟುತ್ತದೆ, ಇನ್ನೂ ಒಂದು ಹೂವನ್ನೂ ಅಂಟಿಸದೆ. ಮೇಲೆ ಮುತ್ತು, ಫೋಮಿನ ಪದರ, ರಿಬ್ಬನ್ನು. ಠಸ್ಸೆಯ ಒಂದು ಏಟಿಗೆ ಎಲ್ಲ ಅಪ್ಪಚ್ಚಿ. ಹಾಗಾಗಿ ಕಳಿಸುವುದಿಲ್ಲ. ಫೋಟೋ ತೆಗೆದು ಹಾಕುತ್ತೇವೆ, ಅಪರಿಚಿತರು ಮೆಚ್ಚುತ್ತಾರೆ, ಕಾರ್ಡು ಕಪಾಟು ಸೇರುತ್ತದೆ. ಅದೇ ಹಾಳೆಯ ಅರ್ಧ ತೆಗೆದುಕೊಳ್ಳಿ, ಚಪ್ಪಟೆಯಾಗಿ ಕತ್ತರಿಸಿದ ಬಣ್ಣದ ಕಾಗದದ ಅಕ್ಷರ, ಒಂದೆರಡು ಎಲೆ ಅಂಟಿಸಿ. ಲಕೋಟೆ ಸೇರಿ 20 ಗ್ರಾಂ ಒಳಗೆ ಬರುತ್ತದೆ. ಐದು ರೂಪಾಯಿಯ ಅಂಚೆಚೀಟಿಗೆ ಗದಗ ಮುಟ್ಟುತ್ತದೆ. ಸುರುಳಿಯ ಉಬ್ಬು ಅಕ್ಷರ ಕೈಯಾರೆ ಕೊಡುವ ಕಾರ್ಡಿಗಿರಲಿ.

ಗದಗ ಎಂದು ಸುಮ್ಮನೆ ಹೇಳಲಿಲ್ಲ. ನನ್ನ ಅಮ್ಮ ಅಲ್ಲಿದ್ದಳು. ನಾಲ್ಕನೇ ಇಯತ್ತೆಯವರೆಗೆ ಓದಿದವಳು, ದಿನಪತ್ರಿಕೆಯನ್ನು ಮೂಲೆಯಿಂದ ಮೂಲೆಗೆ ಓದುತ್ತಿದ್ದಳು. ಇಂಗ್ಲಿಷ್ ಬರುತ್ತಿರಲಿಲ್ಲ. ಅವಳು ತೀರಿಕೊಂಡ ಮೇಲೆ ಟ್ರಂಕು ತೆಗೆದೆ. ನನ್ನ ಮಗಳು ವರ್ಷ ವರ್ಷ ಮಾಡಿ ಕೊಟ್ಟ ಕಾರ್ಡುಗಳು ಸೀರೆಯ ನಡುವೆ ಇದ್ದವು, ಪ್ಲಾಸ್ಟಿಕ್ ಚೀಲ ಸುತ್ತಿ, ಒಂದು ಹೂವೂ ಮುದುಡದಂತೆ. ಎಲ್ಲದರಲ್ಲೂ ನನ್ನ ಕೈವಾಡವಿತ್ತು, ಎಲ್ಲವೂ ಸುಂದರ, ಎಲ್ಲವೂ ಇಂಗ್ಲಿಷು. ಒಂದು ಮಾತ್ರ ಬೇರೆ ಕಡೆ ಸಿಕ್ಕಿತು, ಪಂಚಾಂಗದ ಒಳಗೆ. ನಾನು ಊರಿನಲ್ಲಿಲ್ಲದ ಒಂದು ದಿನ ಮಗಳು ಅಪ್ಪನ ಹತ್ತಿರ ಕೇಳಿಕೊಂಡು ಬರೆದದ್ದು. ನೋಟ್‌ಬುಕ್ಕಿನ ರಟ್ಟು. ‘ಅಜಿ ನೀನು ಬೇಗ ಬಾ ನನಗೆ ಉಂಡಿ ತಾ’. ಒತ್ತು ಬಿಟ್ಟಿದ್ದಳು. ಮಡಿಕೆಯ ಕಡೆ ಕಾಗದ ಸವೆದು ಹರಿಯುವ ಹಾಗಿತ್ತು. ಅಷ್ಟು ಸಲ ತೆರೆದಿದ್ದಾಳೆ. ಉಳಿದವನ್ನು ಜೋಪಾನ ಮಾಡಿದ್ದಳು, ಇದನ್ನು ಓದಿದ್ದಳು.

ಹಾಗಾಗಿ “ಅಜ್ಜಿಗೆ ಭಾಷೆ ಯಾವುದಾದರೇನು, ಪ್ರೀತಿ ತಲುಪುತ್ತದೆ” ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ತಲುಪುವುದು ನಿಜ. ಆದರೆ ಓದಲು ಬರುವ ಹೆಂಗಸಿನ ಕೈಗೆ ಓದಲಾಗದ ಕಾಗದ ಕೊಟ್ಟು ಅವಳನ್ನು ನಾವು ನಿರಕ್ಷರಿ ಮಾಡುತ್ತೇವೆ. ಅದು ಸಣ್ಣ ಅವಮಾನವಲ್ಲ.

“ಇದು ಹವ್ಯಾಸ, ದಣಿದ ಮನಸ್ಸಿಗೆ ವಿಶ್ರಾಂತಿ, ಇಲ್ಲೂ ಭಾಷೆಯ ಕರ್ತವ್ಯ ಹೇರಬೇಡಿ” ಎನ್ನುವ ಗೆಳತಿಯರಿದ್ದಾರೆ. ಆ ಮಾತಿನಲ್ಲಿ ತೂಕವಿದೆ. ರಾತ್ರಿ ಹತ್ತಕ್ಕೆ ಅಡುಗೆಮನೆ ಒರೆಸಿ, ಒಂದು ಗಂಟೆ ಬಣ್ಣದ ಕಾಗದದ ಜೊತೆ ಕೂರುವ ಹೆಂಗಸಿನ ಸಮಯ ಅವಳದು. ಅವಳು ಪ್ಯಾಕೆಟ್ಟಿನ ಚಿಟ್ಟೆಯನ್ನೇ ಅಂಟಿಸಲಿ, ನನ್ನದೇನೂ ತಕರಾರಿಲ್ಲ. ನನ್ನ ತಕರಾರು ಇರುವುದು ಕನ್ನಡದ ಹೆಸರಿನಲ್ಲಿ ಬಾವುಟ ಕಟ್ಟಿ, ಮಕ್ಕಳನ್ನು ಕೂರಿಸಿ, ಬಹುಮಾನ ಹಂಚುವ ಸಂಘಗಳ ಬಗ್ಗೆ, ಮತ್ತು ಅಲ್ಲಿ ಕಲಿಸುವ ನನ್ನಂಥವರ ಬಗ್ಗೆ. ನಾವು ಏನಕ್ಕೆ ಅಂಕ ಕೊಡುತ್ತೇವೋ ಮಕ್ಕಳು ಅದನ್ನು ಮಾಡುತ್ತಾರೆ. ಗ್ಲಿಟರಿಗೆ ಅಂಕ ಕೊಟ್ಟೆವು, ಗ್ಲಿಟರ್ ಬಂತು.

ಆದ್ದರಿಂದ ನನ್ನ ಬೇಡಿಕೆ ನೇರವಾಗಿದೆ. ಮುಂದಿನ ರಾಜ್ಯೋತ್ಸವಕ್ಕೆ ಸ್ಪರ್ಧೆ ಇಡುವ ಸಂಘ ನಿಮ್ಮದಾದರೆ ನಿಯಮ ಬದಲಿಸಿ. ಸಿದ್ಧ ಅಕ್ಷರ ಬೇಡ, ಮುದ್ರಿಸಿದ ಅಕ್ಷರವೂ ಬೇಡ. ಒಳಪುಟದಲ್ಲಿ ಕನಿಷ್ಠ ಮೂರು ಸಾಲು, ಮಗುವಿನ ಕೈಯಲ್ಲಿ, ಒಬ್ಬ ನಿಜವಾದ ವ್ಯಕ್ತಿಗೆ. ಅರ್ಧ ಅಂಕ ಒಳಪುಟಕ್ಕೆ. ತಪ್ಪಕ್ಷರಕ್ಕೆ ಅಂಕ ಕಳೆಯಬೇಡಿ. ಬಹುಮಾನ ಕೊಟ್ಟ ಮೇಲೆ ಕಾರ್ಡುಗಳನ್ನು ಗೋಡೆಗೆ ತೂಗುಹಾಕಬೇಡಿ, ಅಲ್ಲೇ ಲಕೋಟೆಗೆ ಹಾಕಿ ವಿಳಾಸ ಬರೆಸಿ. ಸಭಾಂಗಣದಿಂದ ಅಂಚೆಪೆಟ್ಟಿಗೆಯವರೆಗೆ ಮಕ್ಕಳನ್ನು ನಡೆಸಿಕೊಂಡು ಹೋಗಿ. ಹಲವು ಮಕ್ಕಳಿಗೆ ಅದು ಮೊದಲ ಸಲವಾಗಿರುತ್ತದೆ.

ನಾನು ನನ್ನ ತರಗತಿಯಲ್ಲಿ ಕ್ರಮ ಬದಲಿಸಿದ್ದೇನೆ. ಮೊದಲು ಒಳಪುಟ. ಬರೆದು ಮುಗಿಸಿದವರಿಗೆ ಮಾತ್ರ ಅಂಟಿನ ಬಾಟಲಿ. ಮೊದಲ ವಾರ ಇಬ್ಬರು ಮಕ್ಕಳು ಬಿಟ್ಟುಹೋದರು, ಒಬ್ಬರ ಮನೆಯಿಂದ ಫೋನೂ ಬಂತು. ಉಳಿದವರಲ್ಲಿ ಒಬ್ಬ ಹುಡುಗ ಮುಕ್ಕಾಲು ಗಂಟೆ ಪೆನ್ಸಿಲು ಕಚ್ಚುತ್ತಾ ಕುಳಿತು, ಕೊನೆಗೆ ಕೇಳಿದ: “ಟೀಚರ್, ‘ಹುಬ್ಬಳ್ಳಿ’ಯಲ್ಲಿ ಒತ್ತು ಎಷ್ಟು?” ಎರಡು ಎಂದೆ. ಅವನ ಕಾರ್ಡಿಗೆ ಹೂವು ಅಂಟಿಸಲು ಅವತ್ತು ಸಮಯ ಉಳಿಯಲಿಲ್ಲ. ಹಾಗೇ ಕಳಿಸಿದೆವು.