ಮಷೀನಿನ ಮೂಗು

ವಾಕಡಿನ ನಮ್ಮ ಸೊಸೈಟಿಯಲ್ಲಿ ಹುಲ್ಲು ಕತ್ತರಿಸುವ ಮಷೀನೊಂದಿದೆ. ಪೆಟ್ರೋಲಿನದು, ಹಗ್ಗ ಎಳೆದು ಚಾಲೂ ಮಾಡುವಂಥದ್ದು. ಅದನ್ನು ನಡೆಸುವವರು ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಹಿರಿಯರೊಬ್ಬರು. ಮರಾಠಿಯವರಿಗೂ ಕನ್ನಡದವರಿಗೂ ಅವರು ಕಾಕಾ. ನಾನು ಹಾಸನದವನು. ನನ್ನ ಕನ್ನಡ ಕೇಳಿದರೆ ಅವರಿಗೆ ನಗು, ಅವರ ಕನ್ನಡ ಕೇಳಲೆಂದೇ ನಾನು ಭಾನುವಾರ ಬೆಳಿಗ್ಗೆ ಕೆಳಗಿಳಿಯುವುದು.

ದೀಪಾವಳಿಗೆ ಎರಡು ವಾರವಿದ್ದಾಗ ಆ ಮಷೀನು ಕೆಟ್ಟಿತು. ಹಗ್ಗ ಎಳೆದರೆ ಒಮ್ಮೆ ಕೆಮ್ಮುವುದು, ಬಿಳಿ ಹೊಗೆ ಉಗುಳುವುದು, ನಿಂತುಬಿಡುವುದು. "ಉಸುರ ತಗೊಳವಲ್ದರೀ ಸಾಹೇಬ್ರ. ಎಳದ ಎಳದ ರಟ್ಟಿ ನೋಯಾಕತ್ತಾವ" ಎಂದರು ಕಾಕಾ. ಮೆಕ್ಯಾನಿಕ್ ಬಂದು, ಮುಚ್ಚಳವನ್ನೂ ಬಿಚ್ಚದೆ, ಹೊಗೆ ನೋಡಿಯೇ ತೀರ್ಪು ಕೊಟ್ಟ: ರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು, ₹9,000. ಕಮಿಟಿ ಸೇರಿತು. ಕಾಕಾ ಎಣ್ಣೆ ಹೆಚ್ಚು ಹಾಕಿರಬೇಕು ಎಂದು ಯಾರೋ ಅಂದರು. ಅರ್ಧ ಖರ್ಚು ಅವರ ಪಗಾರದಲ್ಲಿ, ತಿಂಗಳಿಗೆ ₹1,500ರಂತೆ ಮೂರು ತಿಂಗಳು ಹಿಡಿಯುವುದೆಂದು ತೀರ್ಮಾನವಾಯಿತು. ಕಾಕಾ ಬಾಗಿಲ ಬಳಿ ನಿಂತಿದ್ದರು. ನಾನೂ ಆ ಸಭೆಯಲ್ಲಿದ್ದೆ. ಇರಬಹುದೇನೋ ಅಂದುಕೊಂಡು ಸುಮ್ಮನೆ ಚಹಾ ಕುಡಿದೆ.

ರಾತ್ರಿ ನಿದ್ದೆ ಬರಲಿಲ್ಲ. ಎಣ್ಣೆ ಹೆಚ್ಚಾಗಿದ್ದರೆ ಮೊದಲ ದಿನವೇ ಹೊಗೆ ಬರಬೇಕಿತ್ತು. ಎಣ್ಣೆ ಹಾಕಿ ತಿಂಗಳಾಗಿತ್ತು, ಹೊಗೆ ಶುರುವಾದದ್ದು ಸೋಮವಾರ. ಹಾಗಾದರೆ ಭಾನುವಾರ ಏನಾಯಿತು?

ಮರುದಿನ ಪಂಪ್ ರೂಮಿಗೆ ಹೋದೆ. ಮೊದಲು ಸ್ಪಾರ್ಕ್ ಪ್ಲಗ್ಗಿನ ಟೋಪಿ ಎಳೆದು ಬದಿಗಿಟ್ಟೆ. ಇದನ್ನು ಯಾರೂ ಮರೆಯಬಾರದು. ಅಕಸ್ಮಾತ್ ಬ್ಲೇಡ್ ತಿರುಗಿದರೆ ಬೆರಳು ಉಳಿಯುವುದಿಲ್ಲ. ಏರ್ ಫಿಲ್ಟರಿನ ಕಪ್ಪು ಮುಚ್ಚಳಕ್ಕೆ ಇರುವುದು ಒಂದೇ ಸ್ಕ್ರೂ. ತೆಗೆದರೆ ಒಳಗೆ ಮಡಿಕೆ ಮಡಿಕೆಯ ಕಾಗದದ ಫಿಲ್ಟರ್, ಮೇಲೊಂದು ತೆಳು ಸ್ಪಂಜು. ಸ್ಪಂಜಿನ ತುಂಬ ಪಕ್ಕದ ಕಟ್ಟಡದ ಸಿಮೆಂಟ್ ಧೂಳು. ಕಾಗದವಂತೂ ಹಪ್ಪಳ ಕರಿದ ಎಣ್ಣೆ ಸುರಿದ ಹಾಗೆ ತೊಟ್ಟಿಕ್ಕುತ್ತಿತ್ತು.

ಆಗ ನೆನಪಾಯಿತು. ಭಾನುವಾರ ಕಾಕಾ ಚಹಾಕ್ಕೆ ಹೋಗಿದ್ದಾಗ, ಬ್ಲೇಡಿನ ಅಡಿಗೆ ಅಂಟಿದ ಹಸಿ ಹುಲ್ಲು ಕೆರೆದು ಉಪಕಾರ ಮಾಡೋಣವೆಂದು ಮಷೀನನ್ನು ಪಕ್ಕಕ್ಕೆ ಮಲಗಿಸಿದವನು ನಾನೇ. ಅದೂ ಫಿಲ್ಟರ್ ಇರುವ ಬದಿ ಕೆಳಗಾಗುವಂತೆ. ಎಂಜಿನ್ನಿನ ಹೊಟ್ಟೆಯಿಂದ ಗಾಳಿ ಆಡಲೆಂದು ಒಂದು ಸಣ್ಣ ಕೊಳವೆ ಫಿಲ್ಟರ್ ಡಬ್ಬಿಗೆ ಬರುತ್ತದೆ. ಮಷೀನ್ ತಪ್ಪು ಬದಿಗೆ ಮಲಗಿದರೆ ಆ ಕೊಳವೆಯಿಂದ ಎಣ್ಣೆ ಇಳಿದು ಫಿಲ್ಟರ್ ತೋಯುತ್ತದೆ. ಮಲಗಿಸಲೇಬೇಕಾದರೆ ಫಿಲ್ಟರ್ ಆಕಾಶ ನೋಡುವಂತೆ ಮಲಗಿಸಬೇಕು.

ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ಮೂಗು ಕಟ್ಟಿದರೆ ಆ ಗಾಳಿ ಎಲ್ಲಿಂದ ಬರಬೇಕು? ಬರೀ ಧೂಳಿನಿಂದ ಕಟ್ಟಿದ್ದರೆ ಹೊಗೆ ಕಪ್ಪಗಿರುತ್ತದೆ, ಪ್ಲಗ್ ಮಸಿ ಹಿಡಿಯುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ನಮ್ಮದು ಎಣ್ಣೆ ಉರಿದ ಬಿಳಿ ಹೊಗೆ. ಮೆಕ್ಯಾನಿಕ್ ರಿಂಗ್ ಎಂದದ್ದಕ್ಕೂ ಅದೇ ಕಾರಣ.

ಎಣ್ಣೆ ಕುಡಿದ ಕಾಗದ ಉಳಿಯುವುದಿಲ್ಲ. ಹೊಸದಕ್ಕೆ ₹400 ಕೊಟ್ಟೆ. ಸ್ಪಂಜನ್ನು ಪಾತ್ರೆ ಸೋಪಿನ ಬೆಚ್ಚನೆ ನೀರಿನಲ್ಲಿ ಅದುಮಿ ತೊಳೆದೆ. ಬಟ್ಟೆ ಹಿಂಡಿದಂತೆ ತಿರುಚಿದರೆ ಹರಿಯುತ್ತದೆ. ನೆರಳಲ್ಲಿ ಪೂರ್ತಿ ಒಣಗಬೇಕು. ಕೆಲವು ಮಷೀನಿನಲ್ಲಿ ಬರೀ ಸ್ಪಂಜಿನ ಫಿಲ್ಟರೇ ಇರುತ್ತದೆ. ಅದಕ್ಕೆ ಸ್ವಲ್ಪ ಎಂಜಿನ್ ಆಯಿಲ್ ಸವರಿ, ಹೆಚ್ಚಾದದ್ದನ್ನು ಅದುಮಿ ತೆಗೆಯಬೇಕು. ಕಾಗದಕ್ಕೆ ನೀರೂ ಬೇಡ, ಎಣ್ಣೆಯೂ ಬೇಡ. ಧೂಳಷ್ಟೇ ಇದ್ದರೆ ಮೆಲ್ಲಗೆ ತಟ್ಟಿದರೆ ಸಾಕು, ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಿದರೆ ಕಾಗದ ತೂತಾಗುತ್ತದೆ. ಬೆಳಕಿಗೆ ಹಿಡಿದಾಗ ಆಚೆಯ ಬೆಳಕು ಕಾಣದಿದ್ದರೆ ಬದಲಿಸಿ. ಸಾಮಾನ್ಯವಾಗಿ 25 ಗಂಟೆ ಓಡಿದಾಗಲೊಮ್ಮೆ ನೋಡಿ ಎನ್ನುತ್ತಾರೆ. ಪಕ್ಕದಲ್ಲಿ ಕಟ್ಟಡ ಏಳುತ್ತಿದ್ದರೆ ಅದಕ್ಕೂ ಮುಂಚೆಯೇ. ನಮ್ಮ ಸೊಸೈಟಿ ಎರಡು ವರ್ಷ ಮುಟ್ಟಿರಲಿಲ್ಲ.

ಪ್ಲಗ್ ಬಿಚ್ಚಿ ಒರೆಸಿ, ಸಿಲಿಂಡರಿಗೆ ಇಳಿದಿದ್ದ ಎಣ್ಣೆ ಹೊರಬರಲೆಂದು ನಾಲ್ಕಾರು ಸಲ ಹಗ್ಗ ಎಳೆದೆವು. ಎಣ್ಣೆಯ ಮಟ್ಟ ನೋಡಿ, ಕಡಿಮೆಯಾದಷ್ಟು ಹಾಕಿ, ಎಲ್ಲ ಜೋಡಿಸಿದ್ದಾಯಿತು. ಮೂರನೇ ಎಳೆತಕ್ಕೆ ಚಾಲೂ. ಐದು ನಿಮಿಷ ಹೊಗೆ ಬಂದು ನಿಂತಿತು. ಹೊಸ ಫಿಲ್ಟರ್ ಬರುವ ಮೊದಲು ಕಾಕಾ, "ಇಲ್ದನ ನಡಸ್ಲೇನ್ರಿ?" ಎಂದಿದ್ದರು. ನಡೆಯುತ್ತದೆ, ಚೆನ್ನಾಗಿಯೇ ನಡೆಯುತ್ತದೆ. ಆದರೆ ಆ ಸಿಮೆಂಟ್ ಧೂಳು ನೇರ ಪಿಸ್ಟನ್ನಿಗೆ ಹೋಗಿ, ಮೆಕ್ಯಾನಿಕ್ ಹೇಳಿದ ₹9,000 ಆಗ ನಿಜವಾಗಿಯೇ ಬೀಳುತ್ತದೆ.

ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಬರೆಯಲು ನನಗೆ ಒಂದು ದಿನ ಹಿಡಿಯಿತು. ಎರಡು ಸಲ ಬರೆದು ಅಳಿಸಿದೆ. ಕೊನೆಗೆ, ಮಷೀನ್ ಕೆಡಿಸಿದ್ದು ನಾನು, ಕಾಕಾ ಅಲ್ಲ, ಅವರ ಪಗಾರ ಹಿಡಿಯಬೇಡಿ ಎಂದು ನನ್ನ ಮುರುಕು ಮರಾಠಿಯಲ್ಲೇ ಹಾಕಿದೆ. ಹೆಬ್ಬೆರಳುಗಳು ಬಂದವು. ಆ ತಿಂಗಳ ₹1,500 ಆಗಲೇ ಹಿಡಿದಾಗಿತ್ತು. ಮುಂದಿನ ತಿಂಗಳು ಸೇರಿಸಿ ಕೊಟ್ಟರು.

ಕಾಕಾನ ಹತ್ತಿರ ತಪ್ಪಾಯಿತು ಎಂದೆ. ಅವರು ಮಷೀನ್ ಒರೆಸುತ್ತಲೇ ಹೇಳಿದರು: "ನೀವು ಅಡ್ಡ ಹಾಕಿದ್ದ ನಾ ನೋಡೀನ್ರಿ. ಎಣ್ಣಿ ಇಳಿತದಂತ ನನಗೂ ಗೊತ್ತಿರಲಿಲ್ಲ. ಗೊತ್ತಿದ್ರೂ ಆ ಮೀಟಿಂಗಿನ್ಯಾಗ ಹ್ಯಾಂಗ ಹೇಳ್ಲಿ? ಕನ್ನಡ ಮಾತಾಡಾವ್ರು ನೀವೊಬ್ರs ಇದ್ರಿ."

ಈಗ ಫಿಲ್ಟರ್ ಮುಚ್ಚಳದ ಮೇಲೆ ಬದಲಿಸಿದ ತಾರೀಖು ಮಾರ್ಕರಿನಲ್ಲಿದೆ. ಮಲಗಿಸಿದಾಗ ಮೇಲಿರಬೇಕಾದ ಬದಿಯ ಹ್ಯಾಂಡಲಿಗೆ ಕಾಕಾ ಒಂದು ಕೆಂಪು ದಾರ ಕಟ್ಟಿದ್ದಾರೆ.