ಪೀಕದಾನಿ ಎಲ್ಲಿದೆ ಸ್ವಾಮಿ?

ನಂದಿ ಬೆಟ್ಟದ ಸುತ್ತಲಿನ ವೈನರಿಗಳಿಗೆ ಶನಿವಾರ, ಭಾನುವಾರ ಬೆಂಗಳೂರಿನ ಕಾರುಗಳು ಸಾಲುಗಟ್ಟುತ್ತವೆ. ದ್ರಾಕ್ಷಿತೋಟದಲ್ಲೊಂದು ಸುತ್ತು, ಪೀಪಾಯಿಗಳ ಮುಂದೆ ಫೋಟೊ, ಆಮೇಲೆ ಟೇಸ್ಟಿಂಗ್ ರೂಮಿನಲ್ಲಿ ಐದಾರು ಬಗೆಯ ವೈನಿನ ರುಚಿ. ಅಲ್ಲಿ ಮೊದಲು ಹೇಳಿಕೊಡುವುದು ಗ್ಲಾಸು ಹಿಡಿಯುವ ಕ್ರಮ. ಕೆಳಗಿನ ಕಡ್ಡಿ ಹಿಡಿಯಿರಿ, ಹೀಗೆ ತಿರುಗಿಸಿ, ಮೂಗಿನ ಹತ್ತಿರ ತನ್ನಿ. ಎಲ್ಲರೂ ಗಂಭೀರವಾಗಿ ತಿರುಗಿಸುತ್ತಾರೆ. ಆಮೇಲೆ ಎಲ್ಲರೂ ನುಂಗುತ್ತಾರೆ. ಮೇಜಿನ ತುದಿಯಲ್ಲಿರುವ ಬಕೆಟ್ಟನ್ನು ಯಾರೂ ನೋಡುವುದಿಲ್ಲ. ಎಷ್ಟೋ ಸಲ ಅದು ಅಲ್ಲಿರುವುದೇ ಇಲ್ಲ.

ಶಿಷ್ಟಾಚಾರದ ಹೆಸರಿನಲ್ಲಿ ನಮಗೆ ಅಭಿನಯ ಕಲಿಸಿ, ಮುಖ್ಯವಾದದ್ದನ್ನು ಬಿಟ್ಟಿದ್ದಾರೆ ಎಂಬುದೇ ನನ್ನ ತಕರಾರು. ರುಚಿ ನೋಡುವುದನ್ನೇ ಕಸುಬು ಮಾಡಿಕೊಂಡವರು ಉಗುಳುತ್ತಾರೆ. ವೈನಿನವರಷ್ಟೇ ಅಲ್ಲ, ಕಾಫಿಯ ಗುಣ ಪರೀಕ್ಷಿಸುವವರೂ ಚಮಚದಿಂದ ಸೊರ್ರೆಂದು ಹೀರಿ ಉಗುಳಿಯೇ ಮುಂದಿನ ಬಟ್ಟಲಿಗೆ ಹೋಗುವುದು. ನುಂಗುತ್ತಾ ಹೋದರೆ ನಾಲ್ಕನೆಯದರ ಹೊತ್ತಿಗೆ ಎಲ್ಲವೂ ಚೆನ್ನಾಗಿರುತ್ತದೆ, ಅದು ವೈನಿನ ಗುಣವಲ್ಲ. ಲೆಕ್ಕವನ್ನೂ ನೋಡಿ. ಒಂದು ಸುರಿತಕ್ಕೆ 30 ಮಿ.ಲೀ. ಎಂದುಕೊಂಡರೆ ಆರು ಬಗೆಗೆ 180 ಮಿ.ಲೀ. ಆಯಿತು. ಮೋಟಾರು ವಾಹನ ಕಾಯ್ದೆ ಚಾಲಕರಿಗೆ ಇಟ್ಟಿರುವ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಆಲ್ಕೊಹಾಲ್. ಬಹಳ ಜನರಿಗೆ ಅದನ್ನು ದಾಟಲು ಇಷ್ಟು ಸಾಕು. ಅದೇ ಜನ ಸಂಜೆ ಅದೇ ಕಾರಿನ ಸ್ಟಿಯರಿಂಗ್ ಹಿಡಿದು ಹೆದ್ದಾರಿಗೆ ಇಳಿಯುತ್ತಾರೆ. ಉಗುಳಿದರೂ ಸ್ವಲ್ಪ ಒಳಗೆ ಹೋಗಿಯೇ ಹೋಗುತ್ತದೆ. ಹಾಗಾಗಿ ಗಾಡಿ ಓಡಿಸುವವರು ಮೂಸಿ ನೋಡಿ ಇಟ್ಟುಬಿಡಬೇಕು. ನಾವು ರುಚಿ ಎನ್ನುವುದರಲ್ಲಿ ಬಹುಪಾಲು ಮೂಗಿನದೇ ಕೆಲಸವಾದ್ದರಿಂದ ಅವರಿಗೇನೂ ದೊಡ್ಡ ನಷ್ಟವಿಲ್ಲ.

'ಛೆ, ನಾಲ್ಕು ಜನರ ಮುಂದೆ ಉಗುಳುವುದೇ, ಎಂಜಲು' ಎನ್ನುತ್ತಾರೆ. ಎಲೆ ಅಡಿಕೆ ತಟ್ಟೆಯ ಪಕ್ಕದಲ್ಲಿ ಹಿತ್ತಾಳೆಯ ಪೀಕದಾನಿ ಇಟ್ಟು ನೆಂಟರನ್ನು ಕೂರಿಸಿದ ನಾಡು ಇದು. ಬಸ್ ನಿಲ್ದಾಣದ ಗೋಡೆಗೆ ಗುಟ್ಕಾ ಉಗುಳುವುದನ್ನು ಸಹಿಸಿಕೊಂಡವರಿಗೆ, ಅದಕ್ಕೆಂದೇ ಇಟ್ಟ ಪಾತ್ರೆಯಲ್ಲಿ ತಲೆ ಬಗ್ಗಿಸಿ ಉಗುಳಲು ಎಲ್ಲಿಂದ ಬಂತೋ ಈ ನಾಚಿಕೆ! ನಿಜವಾದ ಕಾರಣ ಬೇರೆ ಇದೆ: ಕೊಟ್ಟ ದುಡ್ಡು ವಸೂಲಾಗಬೇಕು. ಹಾಗಿದ್ದರೆ ಬಾರಿಗೆ ಹೋಗಿ, ಅಲ್ಲಿ ಯಾರೂ ತೋಟದ ಕಥೆ ಹೇಳಿ ನಿಮ್ಮ ಸಮಯ ಹಾಳುಮಾಡುವುದಿಲ್ಲ.

ಇನ್ನೊಂದು ನಾಚಿಕೆ ಮಾತಿನದು. ಸಾಹಿತ್ಯ ಓದುವವರನ್ನು ಇದು ಹೆಚ್ಚು ಚುಚ್ಚಬೇಕು. ಮಾರ್ಗದರ್ಶಕರು 'ಬ್ಲ್ಯಾಕ್‌ಕರಂಟ್ ಬರುತ್ತಿದೆಯೇ?' ಎಂದು ಕೇಳುತ್ತಾರೆ. ಆ ಹಣ್ಣನ್ನು ಜನ್ಮದಲ್ಲಿ ಕಾಣದವರೂ ಹೌದೆಂದು ತಲೆಯಾಡಿಸುತ್ತಾರೆ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಆ್ಯನ್ ನೋಬಲ್ ವೈನಿನ ವಾಸನೆಗಳ ಚಕ್ರವೊಂದನ್ನು ಮಾಡಿದರು. 'ಗಂಭೀರ', 'ಲಲಿತ' ಎಂಬಂಥ ಗಾಳಿಮಾತು ಬಿಟ್ಟು, ಅಡುಗೆಮನೆಯಲ್ಲಿ ಸಿಗುವ ವಸ್ತುಗಳ ಹೆಸರು ಹೇಳಿ ಎಂಬುದು ಅದರ ಉದ್ದೇಶ. ಅವರು ತಮ್ಮ ಅಡುಗೆಮನೆಯ ಹೆಸರು ಹೇಳಿದರು. ನಾವು ನಮ್ಮದನ್ನು ಹೇಳುವ ಬದಲು ಅವರ ಪಟ್ಟಿಯನ್ನು ಮಂತ್ರದಂತೆ ಉರುಹೊಡೆಯುತ್ತಿದ್ದೇವೆ.

ನಮ್ಮದರಲ್ಲಿ ಕೊರತೆ ಏನಿದೆ? ಕ್ಯಾಬರ್ನೆ ಸೊವಿನ್ಯೋನ್‌ನಲ್ಲಿ ಕೆಲವೊಮ್ಮೆ ಬರುವ ಹಸಿ ವಾಸನೆ ದೊಣ್ಣೆ ಮೆಣಸಿನಕಾಯಿಯದು. ಎರಡರಲ್ಲೂ ಒಂದೇ ಬಗೆಯ ರಾಸಾಯನಿಕವಿದೆ. ಶಿರಾಜ್‌ನ ಘಾಟು ಕಾಳುಮೆಣಸಿನದು. ಅದು ಹೋಲಿಕೆಯ ಮಾತಲ್ಲ, ರೋಟಂಡೋನ್ ಎಂಬ ಅದೇ ಪದಾರ್ಥ ಎರಡರಲ್ಲೂ ಇದೆ ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ಕೊಡಗು, ಮಲೆನಾಡಿನವರಿಗೆ ಅದನ್ನು ಬೇರೆಯವರು ಪರಿಚಯ ಮಾಡಿಸಬೇಕೇ? ಇನ್ನು ಕೆಂಪು ವೈನ್ ಬಾಯಿ ಒಣಗಿಸಿ ಒಸಡು ಹಿಡಿಯುತ್ತದಲ್ಲ, ಟ್ಯಾನಿನ್ ಎಂದು ಪಾಠ ಮಾಡುತ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ಮಕ್ಕಳಿಗೂ ಗೊತ್ತಿರುವ ಪದವಿದೆ: ಒಗರು. ಎಳೆ ಸೀಬೆಕಾಯಿ, ಬಾಳೆಕಾಯಿ, ಹಸಿ ಅಡಿಕೆ ತಿಂದ ನಾಲಿಗೆಗೆ ಒಗರಿನಲ್ಲೇ ಹತ್ತು ತರ ಗೊತ್ತು. ಗಟ್ಟಿಯಾಗಿ ಹೇಳಿ. ಸುರಿದುಕೊಡುವ ಹುಡುಗ ಬಹುಶಃ ದೊಡ್ಡಬಳ್ಳಾಪುರದ ಕಡೆಯವನೇ, ಅವನಿಗೂ ಖುಷಿಯಾದೀತು.

ಉಳಿದದ್ದು ಸಾಮಾನ್ಯ ತಿಳಿವಳಿಕೆ. ಸೆಂಟು ಹಾಕಿಕೊಂಡು ಹೋಗಬೇಡಿ, ಮಲ್ಲಿಗೆಯನ್ನೂ ಅವತ್ತು ಮುಡಿಯಬೇಡಿ. ಪಕ್ಕದವರ ಮೂಗೂ ಕೆಡುತ್ತದೆ. ಖಾಲಿ ಹೊಟ್ಟೆಯಲ್ಲಿ ಬೇಡ. ಬಿಳಿಯಿಂದ ಕೆಂಪಿಗೆ, ಸಿಹಿ ಕೊನೆಗೆ ಎಂಬ ಕ್ರಮಕ್ಕೆ ಅರ್ಥವಿದೆ, ಒಗರು ಮೊದಲು ಬಂದರೆ ತೆಳುವಾದದ್ದು ತಿಳಿಯುವುದಿಲ್ಲ. ಕಡ್ಡಿ ಹಿಡಿಯುವುದಕ್ಕೂ ಕಾರಣವಿದೆ: ಅಂಗೈ ಬಿಸಿ ತಾಗಬಾರದು. ಹದಿನೈದು ಜನ ಹೇಳದೆ ಕೇಳದೆ ನುಗ್ಗಬೇಡಿ. ಬಳ್ಳಿಯ ಹಣ್ಣು ಕೀಳಬೇಡಿ, ಔಷಧಿ ಹೊಡೆದಿರುತ್ತಾರೆ. ಇಷ್ಟವಾಗದ್ದನ್ನು ಗ್ಲಾಸಿನಲ್ಲಿ ಬಿಡುವುದು ಅವಮಾನವಲ್ಲ, ಬಾಟಲಿ ಕೊಳ್ಳಲೇಬೇಕೆಂಬ ಕಟ್ಟುಪಾಡೂ ಇಲ್ಲ. ಆದರೆ ಒಂದು ಗಂಟೆ ನಿಂತು ವಿವರಿಸಿದವರ ಜೊತೆ ಫೋನ್ ನೋಡುತ್ತಾ ಮಾತಾಡುವುದು ಅವಮಾನವೇ. ಸಾಧ್ಯವಾದರೆ ಜನವರಿಯಿಂದ ಮಾರ್ಚ್‌ವರೆಗಿನ ಕೊಯ್ಲಿನ ಕಾಲದಲ್ಲಿ, ವಾರದ ನಡುವೆ ಹೋಗಿ. ಆಗ ಕೇಳಲು ಪ್ರಶ್ನೆಗಳೂ ಇರುತ್ತವೆ.

ವೈನರಿಯವರಿಗೂ ಒಂದು ಮಾತು. ಗ್ಲಾಸು ತಿರುಗಿಸುವ ಪಾಠಕ್ಕೆ ಮೊದಲು ಒಬ್ಬೊಬ್ಬರ ಮುಂದೆಯೂ ಒಂದು ಉಗುಳುವ ಪಾತ್ರೆ ಇಡಿ, ನೀವೇ ಮೊದಲು ಉಗುಳಿ ತೋರಿಸಿ. ನೋಡಲು ಹೋದವರು ಪೀಕದಾನಿ ಎಲ್ಲಿದೆ ಎಂದು ಕೇಳಿ. ತರುತ್ತೇವೆ ಎಂದು ಒಳಗೆ ಹೋದವರು ಬರುವುದು ತಡವಾದರೆ, ಮೊದಲ ಗ್ಲಾಸು ಹಾಗೇ ಇರಲಿ, ಕಾಯಿರಿ.