ವಿಶೇಷವೇನೂ ಇಲ್ಲದ ಒಂದು ವಾರ

ಮೇ ತಿಂಗಳ ಒಂದು ವಾರ ಕಳೆದ ಮೇಲೆ 'ಏನು ವಿಶೇಷ?' ಎಂದು ಯಾರಾದರೂ ಕೇಳಿದರೆ 'ವಿಶೇಷವೇನೂ ಇಲ್ಲ' ಎಂದು ಉತ್ತರಿಸುವುದು ನಮ್ಮ ರೂಢಿ. ಹಬ್ಬವಿಲ್ಲ, ಮದುವೆಯಿಲ್ಲ, ಪ್ರಯಾಣವಿಲ್ಲ. ಹಗಲೆಲ್ಲ ಸೆಖೆ, ರಾತ್ರಿಯೂ ಸೆಖೆ. ಹೀಗೆ ಹೇಳುವ ನಾವು ಆ ಏಳು ದಿನಗಳನ್ನು ಲೆಕ್ಕದಿಂದಲೇ ಹೊರಗಿಟ್ಟುಬಿಡುತ್ತೇವೆ. ಆದರೆ ಲೆಕ್ಕ ಕೇಳುವವನು ಅವುಗಳನ್ನು ಹೊರಗಿಡುವುದಿಲ್ಲ.

ತಿರ್ಮಿದಿಯವರು ವರದಿ ಮಾಡಿರುವ ಒಂದು ಘಟನೆ ಇಲ್ಲಿ ಸ್ಮರಣೀಯ. ಹಸಿವಿನಿಂದ ಮನೆಯಿಂದ ಹೊರಬಂದ ಪ್ರವಾದಿ(ಸ), ಹಝ್ರತ್ ಅಬೂಬಕರ್(ರ) ಮತ್ತು ಹಝ್ರತ್ ಉಮರ್(ರ) ಒಬ್ಬ ಅನ್ಸಾರಿ ಸಹಾಬಿಯ ತೋಟಕ್ಕೆ ಹೋದರು. ಆತಿಥೇಯರು ಖರ್ಜೂರದ ಗೊನೆಯನ್ನೇ ಕೊಯ್ದು ತಂದು ಮುಂದಿಟ್ಟರು. ಆಗ ಪ್ರವಾದಿವರ್ಯರು(ಸ), ಈ ತಂಪು ನೆರಳು, ಈ ಮಾಗಿದ ಹಣ್ಣು, ಈ ತಣ್ಣೀರು, ಇವೆಲ್ಲವೂ ಪುನರುತ್ಥಾನ ದಿನ ವಿಚಾರಣೆಗೊಳಗಾಗುವ ಅನುಗ್ರಹಗಳೆಂದು ಎಚ್ಚರಿಸಿದರು. ಗಮನಿಸಬೇಕು, ಅವರು ಹೆಸರಿಸಿದ್ದು ಅರಮನೆಯನ್ನಲ್ಲ, ಭಂಡಾರವನ್ನಲ್ಲ. ನೆರಳು, ಹಣ್ಣು, ನೀರು. ನಮ್ಮ ಕರಾವಳಿಯ ಯಾವುದೇ ಸಾಧಾರಣ ಮನೆಯ ಬೇಸಿಗೆಯ ವಾರದಲ್ಲಿ ಇರುವುದೂ ಇವೇ ಮೂರು.

ಮೊದಲು ನೀರನ್ನೇ ನೋಡೋಣ. ಈ ದಿನಗಳಲ್ಲಿ ಬಾವಿಯ ತಳ ಕಾಣುತ್ತದೆ. ಪಂಪು ಹತ್ತು ನಿಮಿಷಕ್ಕೇ ಗಾಳಿ ಎಳೆಯುತ್ತದೆ. ಟ್ಯಾಂಕರಿನ ಸದ್ದಿಗೆ ಬೀದಿಯ ಹೆಂಗಸರು ಕೊಡಗಳೊಂದಿಗೆ ಓಡುತ್ತಾರೆ. ತುಂಬೆಯ ಅಣೆಕಟ್ಟಿನಲ್ಲಿ ನಿಲ್ಲುವ ನೇತ್ರಾವತಿಯ ನೀರೇ ಮಂಗಳೂರಿಗೆ ಆಧಾರ. 2019ರ ಮೇ ತಿಂಗಳಲ್ಲಿ ಆ ನಗರಕ್ಕೆ ಸರದಿಯಂತೆ ನೀರು ಬಿಡಬೇಕಾಯಿತು. ಅದೇ ನದಿಯ ಮೇಲ್ಭಾಗದ ಧರ್ಮಸ್ಥಳದಲ್ಲಿ, ಯಾತ್ರೆಯನ್ನು ಕೆಲಕಾಲ ಮುಂದೂಡಬೇಕೆಂದು ಭಕ್ತರಲ್ಲಿ ವಿನಂತಿಸಿಕೊಳ್ಳಲಾಯಿತು. ನದಿ ಬತ್ತಿದರೆ ಅದು ಎಲ್ಲರ ಪಾಲಿಗೂ ಬತ್ತುತ್ತದೆ.

ಇಂಥ ದಿನಗಳಲ್ಲೂ ನಮ್ಮ ಮಸೀದಿಗಳ ವುಝೂ ಸ್ಥಳದಲ್ಲಿ ಏನು ನಡೆಯುತ್ತಿದೆ? ನಲ್ಲಿಯನ್ನು ಪೂರ್ತಿ ತಿರುಗಿಸಿ, ತೋಳಿನ ಗುಂಡಿ ಬಿಚ್ಚುತ್ತ, ಪಕ್ಕದವರೊಡನೆ ಮಾತನಾಡುತ್ತ ನಾವು ನಿಲ್ಲುತ್ತೇವೆ. ಆ ಒಂದೆರಡು ನಿಮಿಷಗಳಲ್ಲಿ ಬಕೆಟಿನಷ್ಟು ನೀರು ಚರಂಡಿ ಸೇರುತ್ತದೆ. ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಎರಡು ಅಂಗೈಗಳನ್ನು ಜೋಡಿಸಿದರೆ ತುಂಬುವಷ್ಟು ಧಾನ್ಯದ ಅಳತೆ ಅದು. ಇಂದಿನ ಲೆಕ್ಕದಲ್ಲಿ ಹೆಚ್ಚೆಂದರೆ ಒಂದು ಲೀಟರಿನಷ್ಟು. ಸುನ್ನತ್ತನ್ನು ಪಾಲಿಸಲೆಂದು ಹೋಗಿ ನೀರಿನ ಸುನ್ನತ್ತನ್ನೇ ಮರೆಯುವುದು ವಿಚಿತ್ರವಲ್ಲವೇ? ಮದೀನಾದಲ್ಲಿ ನೀರಿಗೆ ಬೆಲೆ ತೆರಬೇಕಾಗಿದ್ದಾಗ ಹಝ್ರತ್ ಉಸ್ಮಾನ್(ರ) ರೂಮಾ ಬಾವಿಯನ್ನು ಖರೀದಿಸಿ ಜನರಿಗೆ ಬಿಟ್ಟುಕೊಟ್ಟರು. ನಾವು ಬಾವಿ ಖರೀದಿಸಬೇಕಾಗಿಲ್ಲ. ನಮ್ಮ ಬಾವಿಯಲ್ಲಿ ನೀರಿದ್ದು ನೆರೆಮನೆಯ ಬಾವಿ ಬತ್ತಿದ್ದರೆ, ಒಂದು ಪೈಪು ಎಳೆದುಕೊಟ್ಟರೆ ಸಾಕು.

ಎರಡನೆಯದು ಹಣ್ಣು. ಒಂದು ಹಲಸಿನಹಣ್ಣನ್ನು ಒಂದೇ ಮನೆಯವರು ತಿಂದು ಮುಗಿಸಲಾಗದು. ಹಂಚಿ ತಿನ್ನಲೆಂದೇ ಅದು ಅಷ್ಟು ದೊಡ್ಡದಾಗಿದೆಯೋ ಎನಿಸುತ್ತದೆ. ಹಿಂದೆಲ್ಲ ಹಲಸು ಕೊಯ್ದ ದಿನ ಸೊಳೆ ತುಂಬಿದ ಪಾತ್ರೆ ಬೇಲಿ ದಾಟಿ ಹೋಗುತ್ತಿತ್ತು. ಬರುವಾಗ ಅದರಲ್ಲಿ ಕಾಟುಮಾವಿನ ಹಣ್ಣೋ ಹಪ್ಪಳವೋ ಇರುತ್ತಿತ್ತು. ಈಗ ಫ್ರಿಜ್ ಇದೆ, ಪಾತ್ರೆ ಹೊರಗೆ ಹೋಗುವುದಿಲ್ಲ. ಅಬ್ದುಲ್ಲಾ ಬಿನ್ ಅಮ್ರ್(ರ) ಅವರ ಮನೆಯಲ್ಲಿ ಆಡು ಕೊಯ್ದಾಗ ಅವರು ಮೊದಲು ವಿಚಾರಿಸಿದ್ದು, ನಮ್ಮ ಯಹೂದಿ ನೆರೆಯವನಿಗೆ ಪಾಲು ಕಳುಹಿಸಿದಿರಾ ಎಂದು. ನೆರೆಯವರು ಯಾವ ಧರ್ಮದವರೆಂದು ನೋಡಿ ಪಾಲು ನಿಲ್ಲಿಸುವ ಪಾಠವನ್ನು ನಮಗೆ ಯಾರೂ ಕಲಿಸಿಲ್ಲ. ಬೇಲಿಯಾಚೆಯವರ ಬಗ್ಗೆ ಸಂಶಯ ಬಿತ್ತುವವರು ಹೆಚ್ಚಿರುವ ಈ ಕಾಲದಲ್ಲಿ, ಒಂದು ತಟ್ಟೆ ಹಣ್ಣು ನೂರು ಭಾಷಣಗಳು ಮಾಡಲಾಗದ ಕೆಲಸವನ್ನು ಮಾಡೀತು.

ಮೂರನೆಯದು ನೆರಳು. ಬಿಸಿಲು ತೀವ್ರವಾದಾಗ ಝುಹರ್ ನಮಾಝನ್ನು ತುಸು ತಂಪಾಗುವವರೆಗೆ ತಡಮಾಡಿ ನಿರ್ವಹಿಸಲು ಪ್ರವಾದಿವರ್ಯರು(ಸ) ಸೂಚಿಸಿದ್ದಾರೆ. ಅಲ್ಲಾಹನಿಗೆ ಸಲ್ಲಬೇಕಾದ ಆರಾಧನೆಯಲ್ಲೇ ಬಿಸಿಲಿನ ಕಾರಣಕ್ಕೆ ಇಷ್ಟು ರಿಯಾಯಿತಿ ಇರುವಾಗ, ನಮ್ಮ ಮನೆಯ ಮಾಡು ರಿಪೇರಿಗೆ ಬಂದವನನ್ನು ಮಧ್ಯಾಹ್ನ ಒಂದು ಗಂಟೆಗೆ ಕಾದ ಹೆಂಚಿನ ಮೇಲೆ ನಿಲ್ಲಿಸುವ ಅಧಿಕಾರ ನಮಗೆಲ್ಲಿಯದು? ಫ್ಯಾನಿನ ಕೆಳಗೆ ಮಲಗಿ 'ಕೆಲಸ ನಿಧಾನವಾಯಿತು' ಎಂದು ಗೊಣಗುವುದು ಸುಲಭ. ಅವನಿಗೆ ಒಂದು ತಾಸು ವಿಶ್ರಾಂತಿ, ಒಂದು ಲೋಟ ಮಜ್ಜಿಗೆ, ಸಂಜೆ ಬೆವರಾರುವ ಮುನ್ನ ಪೂರ್ತಿ ಕೂಲಿ: ಇವು ಅವನ ಹಕ್ಕು, ನಮ್ಮ ಔದಾರ್ಯವಲ್ಲ.

ಇವೆಲ್ಲ ಲೋಕವ್ಯವಹಾರ, ಧರ್ಮದ ವಿಷಯವಲ್ಲ ಎಂಬ ಭಾವನೆ ನಮ್ಮಲ್ಲಿ ಕೆಲವರಿಗಿದೆ. ರಮಝಾನ್ ತಿಂಗಳಲ್ಲಿ ಧರ್ಮ, ಉಳಿದಂತೆ ದಿನಚರಿ ಎಂಬ ಈ ವಿಂಗಡಣೆಯೇ ನಮ್ಮ ಮಕ್ಕಳನ್ನು ಧರ್ಮದಿಂದ ದೂರಮಾಡುತ್ತಿದೆ. ಶಾಲೆಗೆ ರಜೆಯಿದೆ, ಮಕ್ಕಳ ಕೈಯಲ್ಲಿ ಮೊಬೈಲಿದೆ. ಆರೋಗ್ಯ ಮತ್ತು ಬಿಡುವು ಎಂಬ ಎರಡು ಅನುಗ್ರಹಗಳ ವಿಷಯದಲ್ಲಿ ಬಹಳಷ್ಟು ಜನ ನಷ್ಟ ಹೊಂದುತ್ತಾರೆಂದು ಪ್ರವಾದಿವರ್ಯರು(ಸ) ಹೇಳಿದ್ದಾರೆ. ರಜೆಯ ಮಕ್ಕಳಲ್ಲಿ ಇವೆರಡೂ ತುಂಬಿವೆ. ಮೊಬೈಲ್ ಕಸಿದುಕೊಂಡರಷ್ಟೇ ಸಾಲದು, ಕೈಗೆ ಬೇರೆ ಕೆಲಸ ಕೊಡಬೇಕು. ಹಲಸಿನ ತಟ್ಟೆಯನ್ನು ನೆರೆಮನೆಗೆ ಒಯ್ಯುವುದು ಮಗಳ ಕೆಲಸವಾಗಲಿ. ಟೆರೇಸಿನ ಮೇಲೆ ಹಕ್ಕಿಗಳಿಗೆ ನೀರಿಡುವುದು ಮಗನ ಕೆಲಸವಾಗಲಿ. ಬಾಯಾರಿದ ನಾಯಿಗೆ ನೀರು ಕುಡಿಸಿದವನಿಗೆ ಅಲ್ಲಾಹನ ಕ್ಷಮೆ ದೊರೆತ ಹದೀಸನ್ನು ಆ ಬಟ್ಟಲಿನ ಬಳಿ ಕುಳಿತು ಹೇಳಿದರೆ, ಮಗು ಅದನ್ನು ಜೀವನವಿಡೀ ಮರೆಯಲಾರದು.

ಗುರುವಾರ ಮಗ್ರಿಬ್ ನಮಾಝಿನ ಬಳಿಕ, ಜುಮಾ ರಾತ್ರಿಯ ಆರಂಭದಲ್ಲಿ, ಮನೆಮಂದಿಯೆಲ್ಲ ಹತ್ತು ನಿಮಿಷ ಒಟ್ಟಿಗೆ ಕುಳಿತುಕೊಳ್ಳೋಣ. ಈ ವಾರ ನಮ್ಮ ನೀರು ಯಾರಿಗೆ ತಲುಪಿತು, ನಮ್ಮ ಹಣ್ಣು ಯಾವ ಬೇಲಿ ದಾಟಿತು, ನಮ್ಮ ನೆರಳಿನಲ್ಲಿ ಯಾರು ಕುಳಿತರು ಎಂದು ಪರಸ್ಪರ ಕೇಳೋಣ. ಉತ್ತರವಿಲ್ಲದ ಪ್ರಶ್ನೆಗೆ ಮುಂದಿನ ವಾರವಿದೆ. ಮಳೆ ಬರುವವರೆಗೆ ಇನ್ನೂ ಕೆಲವು ವಾರಗಳಿವೆ. ಅವುಗಳ ಹಕ್ಕನ್ನು ಸಲ್ಲಿಸುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ, ಆಮೀನ್.